ಬೀಜಿಂಗ್‌ನ ಶಿಚಾಹಾಯ್: ಚಳಿಗಾಲದ ಒಂದು ಮಧ್ಯಾಹ್ನ, ನೀರು ಹರಿದ ದಾರಿಯಲ್ಲೇ ನಡೆಯುವ ಬಗೆ

ಬೀಜಿಂಗ್‌ಗೆ ಕೆಲಸದ ಮೇಲೆ ಹೋದವರೂ ಪ್ರವಾಸಕ್ಕೆ ಹೋದವರೂ ಶಿಚಾಹಾಯ್ ನೋಡಿಯೇ ಬರುತ್ತಾರೆ. ಆದರೆ ಹೆಚ್ಚಿನವರು ಸಂಜೆ ಆರರ ಮೇಲೆ, ದಕ್ಷಿಣದ ಕಡೆಯಿಂದ ಬಂದು, ದೀಪ ಹಾಕಿದ ಬಾರ್‌ಗಳ ಸಾಲು ಕಂಡು, ಸೇತುವೆಯ ಮೇಲೆ ಒಂದು ಫೋಟೊ ತೆಗೆದುಕೊಂಡು ಹಿಂದಿರುಗುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಆಮೇಲೆ ಅಲ್ಲೇ ಹುಟ್ಟಿ ಬೆಳೆದ ಹಿರಿಯ ಸಹೋದ್ಯೋಗಿಯೊಬ್ಬರು, "ಕೆಳಗಿನಿಂದ ಬರಬೇಡ, ಮೇಲಿನಿಂದ ಬಾ. ನೀರು ಬಂದ ಹಾಗೆ ಬಾ" ಎಂದರು. ಅವರ ಮಾತಿನಂತೆ ಜನವರಿಯ ಒಂದು ಮಧ್ಯಾಹ್ನ ನಡೆದ ಮೇಲೆ ಆ ಬಡಾವಣೆ ನನಗೆ ಬೇರೆಯೇ ಊರಾಗಿ ಕಂಡಿತು. ಎರಡು ಚಳಿಗಾಲ ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆದಿದ್ದೇನೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶಿಚಾಹಾಯ್ ಅಂದರೆ ಒಂದು ಕೆರೆಯಲ್ಲ, ಕೊಂಡಿ ಹಾಕಿದಂತೆ ಒಂದಕ್ಕೊಂದು ಸೇರಿದ ಮೂರು ಕೆರೆಗಳು. ವಾಯವ್ಯದ ತುದಿಯಲ್ಲಿ ಶೀಹಾಯ್, ನಡುವೆ ಹೌಹಾಯ್, ಆಗ್ನೇಯಕ್ಕೆ ಚಿಯೆನ್‌ಹಾಯ್. ಪಶ್ಚಿಮದ ಕಡಲು, ಹಿಂದಿನ ಕಡಲು, ಮುಂದಿನ ಕಡಲು ಎಂದು ಅರ್ಥ. ಕಡಲಿನಿಂದ ದೂರದ ಬಯಲಿನ ಜನ ಕೆರೆಯನ್ನೇ ಕಡಲು ಎಂದು ಕರೆದ ಹೆಸರುಗಳಿವು. 'ಶಿ' ಎಂದರೆ ಹತ್ತು, 'ಚಾ' ಎಂದರೆ ಬೌದ್ಧ ದೇವಾಲಯ. ಸುತ್ತಲೂ ಹತ್ತು ದೇವಾಲಯಗಳಿದ್ದವು, ಅದರಿಂದ ಈ ಹೆಸರು ಬಂತು ಎಂಬುದು ಊರಿನವರ ವಿವರಣೆ. ಈ 'ಚಾ' ನಮ್ಮ ಸಂಸ್ಕೃತದ 'ಕ್ಷೇತ್ರ' ಪದವೇ. ಬೌದ್ಧ ಗ್ರಂಥಗಳ ಜೊತೆ ಚೀನಾಕ್ಕೆ ಹೋಗಿ, ಬಾಲ ಕಳೆದುಕೊಂಡು, ಒಂದೇ ಅಕ್ಷರವಾಗಿ ನಿಂತಿದೆ. ಧರ್ಮಸ್ಥಳವನ್ನೋ ಗೋಕರ್ಣವನ್ನೋ ನಾವು ಕ್ಷೇತ್ರ ಎನ್ನುವಾಗ ಬಳಸುವ ಅದೇ ಮಾತು ಬೀಜಿಂಗ್‌ನ ಮೆಟ್ರೊ ಫಲಕದ ಮೇಲಿದೆ ಎಂದು ತಿಳಿದ ದಿನ ನಾನು ಆ ಫಲಕದ ಮುಂದೆ ತುಂಬ ಹೊತ್ತು ನಿಂತಿದ್ದೆ.

ಯಾವ ದಿನ ಹೋಗಬೇಕು

ದಿನ ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬೀಜಿಂಗ್‌ನವರು ವರ್ಷದ ಅತಿ ಚಿಕ್ಕ ಹಗಲಿನ ದಿನದಿಂದ, ಅಂದರೆ ಡಿಸೆಂಬರ್ 21 ಅಥವಾ 22ರಿಂದ, ಒಂಬತ್ತೊಂಬತ್ತು ದಿನಗಳ ಒಂಬತ್ತು ಕಂತುಗಳಾಗಿ ಚಳಿಯನ್ನು ಎಣಿಸುತ್ತಾರೆ. ಒಟ್ಟು 81 ದಿನ. ಮೂರನೆಯ ಮತ್ತು ನಾಲ್ಕನೆಯ ಒಂಬತ್ತರಲ್ಲಿ ಮಂಜುಗಡ್ಡೆಯ ಮೇಲೆ ನಡೆಯಬಹುದು, ಐದು ಆರರಲ್ಲಿ ದಂಡೆಯ ವಿಲೋ ಮರ ಚಿಗುರುವುದನ್ನು ನೋಡಬಹುದು ಎಂದು ಮಕ್ಕಳ ಬಾಯಲ್ಲೂ ಒಂದು ಪದವಿದೆ. ಲೆಕ್ಕ ಹಾಕಿದರೆ ಆ ಮೂರು ಮತ್ತು ನಾಲ್ಕು ಜನವರಿ 8ರಿಂದ 25ರ ಸುಮಾರಿಗೆ ಬೀಳುತ್ತವೆ. ಈ ನಡಿಗೆಗೆ ಅದೇ ಸರಿಯಾದ ಕಾಲ. ಹಗಲು ಉಷ್ಣಾಂಶ ಸೊನ್ನೆಯ ಆಚೀಚೆ ಇರುತ್ತದೆ, ಹೊತ್ತು ಮುಳುಗಿದ ಮೇಲೆ ಮೈನಸ್ 8ರವರೆಗೂ ಇಳಿಯುತ್ತದೆ.

ಆ ಹದಿನೆಂಟು ದಿನಗಳಲ್ಲೂ ಗಾಳಿ ಬೀಸಿದ ಮರುದಿನವನ್ನು ಆರಿಸಿ. ವಾಯವ್ಯದಿಂದ ಮಂಗೋಲಿಯಾದ ಒಣಗಾಳಿ ಜೋರಾಗಿ ಬೀಸಿದರೆ ನಗರದ ಹೊಗೆಯೆಲ್ಲ ಗುಡಿಸಿ ಹೋಗುತ್ತದೆ. ಮರುದಿನ ಆಕಾಶ ತೊಳೆದಿಟ್ಟ ನೀಲಿ, ಗಾಳಿಯೂ ತಗ್ಗಿರುತ್ತದೆ. ಗಾಳಿಯೇ ಇಲ್ಲದೆ ಮೂರ್ನಾಲ್ಕು ದಿನ ಕಳೆದಿದ್ದರೆ ಹೊಗೆ ಮಂಜು ಕವಿದಿರುತ್ತದೆ. ಗಾಳಿಯ ಗುಣಮಟ್ಟದ ಸೂಚ್ಯಂಕ 150 ದಾಟಿದ್ದರೆ ನಡಿಗೆಯನ್ನು ಮುಂದೂಡಿ. ಅಂಥ ದಿನ ಕೊನೆಯಲ್ಲಿ ಬೆಟ್ಟವೂ ಕಾಣುವುದಿಲ್ಲ, ಗಂಟಲೂ ಕೆಡುತ್ತದೆ.

ಸೋಮವಾರ ಬೇಡ. ಈ ಭಾಗದ ಹಳೆಯ ಮನೆಗಳು, ವಸ್ತುಸಂಗ್ರಹಾಲಯಗಳು ಹೆಚ್ಚಿನವು ಅಂದು ಮುಚ್ಚಿರುತ್ತವೆ. ಶನಿವಾರ, ಭಾನುವಾರ ಮಂಜುಗಡ್ಡೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಮಂಗಳವಾರದಿಂದ ಗುರುವಾರದವರೆಗೆ ಯಾವುದಾದರೂ ಒಂದು ದಿನ ಸಿಕ್ಕರೆ ಅದೃಷ್ಟ.

ಮೈಮೇಲೆ, ಜೇಬಿನಲ್ಲಿ, ಫೋನಿನಲ್ಲಿ

ಬೆಂಗಳೂರಿನ ಸ್ವೆಟರ್ ಇಲ್ಲಿ ಒಳ ಅಂಗಿಗೆ ಸಮ. ಒಳಗೆ ಮೈಗಂಟುವ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿ ತಡೆಯುವ ಜಾಕೆಟ್, ಹೀಗೆ ಮೂರು ಪದರ ಬೇಕೇ ಬೇಕು. ಒಂದೇ ದಪ್ಪ ಕೋಟು ಹಾಕಿಕೊಂಡು ಹೋಗಬೇಡಿ. ನವೆಂಬರ್ 15ರಿಂದ ಮಾರ್ಚ್ 15ರವರೆಗೆ ನಗರದ ಕಟ್ಟಡಗಳಿಗೆ ಸಾರ್ವಜನಿಕ ತಾಪನ ವ್ಯವಸ್ಥೆ ಇರುತ್ತದೆ, ಹಾಗಾಗಿ ಯಾವ ಅಂಗಡಿಯೊಳಗೆ ಹೋದರೂ ಬೆವರುತ್ತೀರಿ. ಬೆವತ ಮೈಯಲ್ಲಿ ಮತ್ತೆ ಹೊರಗೆ ಬಂದರೆ ಚಳಿ ಮೂಳೆಗೆ ಇಳಿಯುತ್ತದೆ. ಒಳಗೆ ಹೋದ ಕೂಡಲೇ ಒಂದು ಪದರ ಬಿಚ್ಚುವ ಅಭ್ಯಾಸ ಮಾಡಿಕೊಳ್ಳಿ. ಕಿವಿ ಮುಚ್ಚುವ ಟೋಪಿ, ಕೈಗವಸು, ದಪ್ಪ ಅಟ್ಟೆಯ ಬೂಟು ಬೇಕು. ತುಟಿಗೆ ವ್ಯಾಸಲೀನ್ ಹಚ್ಚಿಕೊಳ್ಳಿ, ಅಲ್ಲಿನ ಚಳಿಗಿಂತ ಅಲ್ಲಿನ ಒಣಹವೆ ನಮ್ಮ ಚರ್ಮಕ್ಕೆ ಹೆಚ್ಚು ಕಷ್ಟ.

ಫೋನಿನ ಬಗ್ಗೆ ಒತ್ತಿ ಹೇಳಬೇಕು. ಚೀನಾದಲ್ಲಿ ಗೆಣಸು ಮಾರುವ ಗಾಡಿಯವರಿಂದ ಹಿಡಿದು ಎಲ್ಲರೂ ಕ್ಯೂಆರ್ ಕೋಡಿನ ಮೇಲೆಯೇ ಹಣ ತೆಗೆದುಕೊಳ್ಳುತ್ತಾರೆ. ಊರು ಬಿಡುವ ಮೊದಲೇ ಅಲಿಪೇ ಅಥವಾ ವೀಚಾಟ್ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ನಿಮ್ಮ ಅಂತರರಾಷ್ಟ್ರೀಯ ಕಾರ್ಡನ್ನು ಜೋಡಿಸಿ ಪರೀಕ್ಷಿಸಿ. ಗೂಗಲ್ ನಕ್ಷೆ ಅಲ್ಲಿ ನಡೆಯುವುದಿಲ್ಲ, ಆಮ್ಯಾಪ್ ಇಟ್ಟುಕೊಳ್ಳಿ. ಅಂತರ್ಜಾಲವಿಲ್ಲದೆಯೂ ಕೆಲಸ ಮಾಡುವ ಅನುವಾದದ ಆ್ಯಪ್ ಒಂದಿರಲಿ. ಚಳಿಗೆ ಬ್ಯಾಟರಿ ನೋಡನೋಡುತ್ತಲೇ ಕುಸಿಯುತ್ತದೆ. ಒಮ್ಮೆ ಶೇಕಡ 40 ಇದ್ದ ನನ್ನ ಫೋನು ಫೋಟೊ ತೆಗೆಯುತ್ತಿರುವಾಗಲೇ ಆರಿಹೋಯಿತು. ಕೈಯಲ್ಲಿ ಬಿಸಿ ಚೆಸ್ಟ್‌ನಟ್ ಪೊಟ್ಟಣ, ಕೊಡಲು ಹಣವಿಲ್ಲ. ಮಾರುವಾಕೆ ಪೊಟ್ಟಣ ವಾಪಸು ತೆಗೆದುಕೊಳ್ಳದೆ, ಒಳಗೆ ಕರೆದು ಚಾರ್ಜರ್ ಕೊಟ್ಟು ಕೂರಿಸಿದಳು. ಎಲ್ಲರಿಗೂ ಅಂಥವರು ಸಿಗುತ್ತಾರೆಂದು ನಂಬಿಕೊಂಡು ಹೋಗಬಾರದು. ಫೋನನ್ನು ಒಳ ಅಂಗಿಯ ಜೇಬಿನಲ್ಲಿ ಮೈಗೆ ಒತ್ತಿಕೊಂಡು ಇಡಿ, ಪವರ್ ಬ್ಯಾಂಕ್ ಜೊತೆಗಿರಲಿ, ಇನ್ನೂರು ಯುವಾನ್ ಚಿಲ್ಲರೆಯಾಗಿ ಬೇರೆ ಜೇಬಿನಲ್ಲಿರಲಿ. ಪಾಸ್‌ಪೋರ್ಟ್ ಮೂಲಪ್ರತಿಯೇ ಬೇಕು, ಟಿಕೆಟ್ ಕೊಳ್ಳುವಲ್ಲಿ ಕೇಳುತ್ತಾರೆ.

ಹೆಜ್ಜೆ 1: ಒಂದು ಗಂಟೆಗೆ ಶೀಹಾಯ್ ದಂಡೆಯಲ್ಲಿ

ಮೆಟ್ರೊ 2ನೇ ಮಾರ್ಗದಲ್ಲಿ ಜಿಶುಯ್‌ತಾನ್ ನಿಲ್ದಾಣದಲ್ಲಿ ಇಳಿಯಿರಿ. ಆರು ಕಿಲೋಮೀಟರಿನೊಳಗಿನ ಪ್ರಯಾಣಕ್ಕೆ 3 ಯುವಾನ್. ನಿಲ್ದಾಣದ ಆಗ್ನೇಯಕ್ಕೆ ಕೆಲವೇ ನಿಮಿಷ ನಡೆದರೆ ಶೀಹಾಯ್ ಸಿಗುತ್ತದೆ. ಇಲ್ಲಿಂದ ಕೊನೆಯವರೆಗೆ ಒಟ್ಟು ನಾಲ್ಕು ಕಿಲೋಮೀಟರಿನಷ್ಟು ನಡಿಗೆ, ಅದೂ ಸಮತಟ್ಟು.

ಇಲ್ಲಿಂದಲೇ ಏಕೆ ಎಂದರೆ ಮೊದಲ ಕಾರಣ ಗಾಳಿ. ಬೀಜಿಂಗ್‌ನ ಚಳಿಗಾಲದ ಗಾಳಿ ವಾಯವ್ಯದಿಂದ ಬರುತ್ತದೆ, ನೀವು ಆಗ್ನೇಯಕ್ಕೆ ನಡೆಯುತ್ತೀರಿ. ಇಡೀ ಮಧ್ಯಾಹ್ನ ಗಾಳಿ ಬೆನ್ನಿಗೆ. ಎದುರು ದಿಕ್ಕಿನಲ್ಲಿ ನಡೆದವರು ಅರ್ಧ ಗಂಟೆಯಲ್ಲಿ ಕಣ್ಣೀರು ಸುರಿಸುತ್ತ ಟ್ಯಾಕ್ಸಿ ಹುಡುಕುವುದನ್ನು ನೋಡಿದ್ದೇನೆ.

ಎರಡನೆಯ ಕಾರಣಕ್ಕೆ ಶೀಹಾಯ್‌ನ ಉತ್ತರ ದಂಡೆಯ ಚಿಕ್ಕ ದಿಬ್ಬ ಹತ್ತಬೇಕು. ಅಲ್ಲಿ ಹುಯ್‌ತೊಂಗ್ ಎಂಬ ಗುಡಿಯ ಜಾಗದಲ್ಲಿ ಗುವೊ ಶೌಜಿಂಗ್ ಅವರ ಸ್ಮಾರಕವಿದೆ. 1231ರಲ್ಲಿ ಹುಟ್ಟಿ 1316ರಲ್ಲಿ ತೀರಿಕೊಂಡ ಗುವೊ ಖಗೋಳ ಬಲ್ಲವರು, ಗಣಿತ ಬಲ್ಲವರು, ಎಲ್ಲಕ್ಕಿಂತ ಹೆಚ್ಚಾಗಿ ನೀರನ್ನು ಬಲ್ಲವರು. ಮಂಗೋಲ್ ಚಕ್ರವರ್ತಿ ಕುಬ್ಲಾಯ್ ಖಾನ್ ತನ್ನ ರಾಜಧಾನಿಯನ್ನು ಇಲ್ಲಿ ಕಟ್ಟಿದಾಗ ದೊಡ್ಡ ತೊಡಕೊಂದಿತ್ತು. ದಕ್ಷಿಣದಿಂದ ಮಹಾಕಾಲುವೆಯಲ್ಲಿ ಬರುವ ಅಕ್ಕಿಯ ದೋಣಿಗಳು ಪೂರ್ವದ ತೊಂಗ್‌ಝೌವರೆಗೆ ಮಾತ್ರ ಬರುತ್ತಿದ್ದವು. ರಾಜಧಾನಿ ಅದಕ್ಕಿಂತ ಸುಮಾರು ಇಪ್ಪತ್ತು ಮೀಟರ್ ಎತ್ತರದಲ್ಲಿತ್ತು. ದೋಣಿಯನ್ನು ಎತ್ತರಕ್ಕೆ ಏರಿಸಬೇಕಾದರೆ ಮೇಲಿನಿಂದ ಸಾಕಷ್ಟು ನೀರು ಬರಬೇಕು.

ಗುವೊ ನಗರದ ಉತ್ತರಕ್ಕೆ ಚಾಂಗ್‌ಪಿಂಗ್‌ನ ಬಾಯ್‌ಫು ಎಂಬ ಒರತೆಯನ್ನು ಗುರುತಿಸಿದರು. ಒರತೆಯಿಂದ ನೇರ ನಗರಕ್ಕೆ ಕಾಲುವೆ ತೋಡಿದರೆ ಹತ್ತಿರದ ದಾರಿ, ಆದರೆ ನಡುವೆ ಎರಡು ಹೊಳೆಗಳ ತಗ್ಗು ಅಡ್ಡ ಬರುತ್ತದೆ, ನೀರು ಅಲ್ಲೇ ಇಳಿದುಹೋಗುತ್ತದೆ. ಹಾಗಾಗಿ ಅವರು ಕಾಲುವೆಯನ್ನು ಮೊದಲು ಪಶ್ಚಿಮಕ್ಕೆ, ನಗರದಿಂದ ದೂರ ದೂರಕ್ಕೆ ಒಯ್ದು, ಬೆಟ್ಟದ ಬುಡ ಹಿಡಿದು, ದಾರಿಯ ಒರತೆಗಳನ್ನೆಲ್ಲ ಕೂಡಿಸಿಕೊಳ್ಳುತ್ತ ಸುತ್ತಿಸಿ ತಂದರು. ಏತದ ಹಂಗಿಲ್ಲದೆ ಕಾಲುವೆಯ ನೀರನ್ನು ಗದ್ದೆಗೆ ಹಾಯಿಸಿದವರಿಗೆ ಈ ಕೆಲಸದ ಬೆಲೆ ಗೊತ್ತು. ದಾರಿ ಉದ್ದವಾದರೂ ಸರಿ, ಎತ್ತರ ಬಿಟ್ಟುಕೊಡಬಾರದು. ಆ ನೀರು ಬಂದು ನಿಂತ ಜಾಗವೇ ಈಗ ನಿಮ್ಮ ಕಾಲಡಿಯ ದಿಬ್ಬದ ಕೆಳಗಿದೆ. ಜಿಶುಯ್‌ತಾನ್ ಎಂದರೆ ನೀರು ಕೂಡುವ ಮಡು. 1293ರಲ್ಲಿ ಕಾಲುವೆ ಮುಗಿದಾಗ, ಬೇಸಗೆಯ ರಾಜಧಾನಿಯಿಂದ ಹಿಂದಿರುಗಿದ ಕುಬ್ಲಾಯ್ ಈ ಮಡುವಿನ ತುಂಬ ದೋಣಿಗಳನ್ನು ಕಂಡು ಸಂತೋಷಪಟ್ಟು ಕಾಲುವೆಗೆ ತೊಂಗ್‌ಹುಯ್ ಎಂದು ಹೆಸರಿಟ್ಟನಂತೆ. ಆಗ ಇದೆಲ್ಲ ಒಂದೇ ವಿಶಾಲ ಬಂದರು. ಆಮೇಲೆ ಬಂದ ಮಿಂಗ್ ಅರಸರು ಉತ್ತರದ ಕೋಟೆಗೋಡೆಯನ್ನು ದಕ್ಷಿಣಕ್ಕೆ ಸರಿಸಿದರು, ಕಾಲುವೆಯ ಒಂದು ಭಾಗ ಅರಮನೆಯ ಆವರಣದೊಳಗೆ ಸಿಕ್ಕಿಕೊಂಡಿತು, ದೋಣಿಗಳು ನಿಂತವು, ಬಂದರು ಕಿರಿದಾಗಿ ಮೂರು ಕೆರೆಗಳಾಯಿತು.

ದಿಬ್ಬದಿಂದ ಇಳಿದು ಕೆರೆಯ ಸುತ್ತಲಿನ ಮರದ ಹಲಗೆಯ ದಾರಿಯಲ್ಲಿ ನಡೆಯಿರಿ. ಒಣಗಿದ ಜೊಂಡು, ಕಪ್ಪಾದ ತಾವರೆ ದಂಟುಗಳು ಮಂಜುಗಡ್ಡೆಯಿಂದ ಮೇಲೆದ್ದು ನಿಂತಿರುತ್ತವೆ. ಮೂರು ಕೆರೆಗಳಲ್ಲಿ ಇದೇ ನಿಶ್ಶಬ್ದವಾದದ್ದು. ಒಂದು ನಿಮಿಷ ಮಾತು ನಿಲ್ಲಿಸಿದರೆ ಮಂಜುಗಡ್ಡೆ ನರಳುವುದು ಕೇಳಿಸುತ್ತದೆ. ಬಿಸಿಲಿಗೆ ಹಿಗ್ಗುವಾಗ ಒಳಗಿನಿಂದ ಗುಂಯ್ ಎಂದು ಒಂದು ಉದ್ದನೆಯ ಸದ್ದು ದಂಡೆಯಿಂದ ದಂಡೆಗೆ ಓಡುತ್ತದೆ.

ಹೆಜ್ಜೆ 2: ದೇಶೆಂಗ್ ಸೇತುವೆ ದಾಟಿ ಹೌಹಾಯ್‌ನ ಉತ್ತರ ದಂಡೆಗೆ

ಶೀಹಾಯ್‌ಗೂ ಹೌಹಾಯ್‌ಗೂ ನಡುವೆ ದೇಶೆಂಗ್ ಸೇತುವೆಯ ದೊಡ್ಡ ರಸ್ತೆಯಿದೆ. ವಾಹನ ಜಾಸ್ತಿ, ಸದ್ದೇ ಮಾಡದ ಎಲೆಕ್ಟ್ರಿಕ್ ಸ್ಕೂಟರ್‌ಗಳು ಎರಡೂ ಕಡೆಯಿಂದ ಬರುತ್ತವೆ, ನೋಡಿಕೊಂಡು ದಾಟಿ.

ದಾಟಿದ ಮೇಲೆ ಎಡಕ್ಕೆ, ಉತ್ತರ ದಂಡೆಯನ್ನೇ ಹಿಡಿಯಿರಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣದಲ್ಲಿ ತಗ್ಗಿನಲ್ಲೇ ಸಾಗುತ್ತಾನೆ. ದಕ್ಷಿಣ ದಂಡೆಯ ಮನೆಗಳು ತಮ್ಮ ನೆರಳನ್ನು ತಮ್ಮ ದಾರಿಯ ಮೇಲೇ ಚೆಲ್ಲುತ್ತವೆ. ಉತ್ತರ ದಂಡೆಗೆ ಮಾತ್ರ ಕೆರೆಯಗಲದ ಬಿಸಿಲು ಯಾವ ಅಡ್ಡಿಯೂ ಇಲ್ಲದೆ ಬೀಳುತ್ತದೆ. ಊರಿನ ಅಜ್ಜ ಅಜ್ಜಿಯರು ಇದನ್ನು ಬಲ್ಲರು. ಎರಡು ಗಂಟೆಯ ಹೊತ್ತಿಗೆ ಗೋಡೆಗೆ ಬೆನ್ನು ಕೊಟ್ಟು, ಚಹಾದ ಫ್ಲಾಸ್ಕ್ ಮಗ್ಗುಲಲ್ಲಿಟ್ಟುಕೊಂಡು ಸಾಲಾಗಿ ಕೂತಿರುತ್ತಾರೆ. ಪಕ್ಕದಲ್ಲಿ ಜಾಗವಿದ್ದರೆ "ನಿ ಹಾವ್" ಎಂದು ಕೂರಿ, ಯಾರೂ ಬೇಡವೆನ್ನುವುದಿಲ್ಲ.

ಇದೇ ದಂಡೆಯಲ್ಲಿ 46ನೇ ನಂಬರಿನ ಆವರಣ ಸೂಂಗ್ ಚಿಂಗ್‌ಲಿಂಗ್ ಅವರ ಮನೆ. ಚೀನಾ ಗಣರಾಜ್ಯವನ್ನು ಕಟ್ಟಿದ ಸನ್ ಯಾಟ್‌ಸೆನ್ ಅವರ ಪತ್ನಿ. 1963ರಿಂದ 1981ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಇದ್ದರು. ಅದಕ್ಕೂ ಮೊದಲು ಇದು ಚುನ್ ರಾಜಕುಮಾರರ ಅರಮನೆಯ ತೋಟ. ಪಕ್ಕದ ಆ ಅರಮನೆಯಲ್ಲೇ 1906ರಲ್ಲಿ ಕೊನೆಯ ಚಕ್ರವರ್ತಿ ಪೂಯಿ ಹುಟ್ಟಿದ್ದು. ಮೂರು ತುಂಬುವ ಮೊದಲೇ ಆ ಕೂಸನ್ನು ಸಿಂಹಾಸನಕ್ಕೆಂದು ಇಲ್ಲಿಂದ ಎತ್ತಿಕೊಂಡು ಹೋದರು. ನಿಮಗೆ ಒಂದೇ ಕಡೆ ಟಿಕೆಟ್ ಕೊಂಡು ಒಳಗೆ ಹೋಗುವಷ್ಟು ಸಮಯವಿದ್ದರೆ, ಎಲ್ಲರೂ ಹೇಳುವ ಗೊಂಗ್ ರಾಜಕುಮಾರರ ಅರಮನೆಯನ್ನು ಇನ್ನೊಂದು ದಿನಕ್ಕೆ ಬಿಟ್ಟು ಇಲ್ಲಿಗೆ ಬನ್ನಿ. ಅದು ಭವ್ಯವೇ, ಆದರೆ ದೊಡ್ಡದು, ಗುಂಪು ಹೆಚ್ಚು, ಅದೊಂದಕ್ಕೇ ಅರ್ಧ ದಿನ ಬೇಕು. ಇಲ್ಲಿ ಮುಕ್ಕಾಲು ಗಂಟೆ ಸಾಕು. ತೋಟದೊಳಗೂ ಕೆರೆಯ ನೀರಿನದೇ ಹರಿವು ಬರುತ್ತದೆ. ಸೂಂಗ್ ಅವರು ಪಾರಿವಾಳ ಸಾಕುತ್ತಿದ್ದ ಗೂಡೂ ಇದೆ.

ಪಾರಿವಾಳದ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಈ ಬಡಾವಣೆಯಲ್ಲಿ ನಡೆಯುವಾಗ ಆಕಾಶದಿಂದ ಯಾರೋ ಕೊಳಲೂದುತ್ತಿರುವಂಥ ದನಿ ಕೇಳಿಸಿದರೆ ತಲೆ ಎತ್ತಿ ನೋಡಿ. ಸೋರೆ ಬುರುಡೆ, ಬಿದಿರುಗಳಿಂದ ಮಾಡಿದ ಹಗುರ ಸೀಟಿಯನ್ನು ಪಾರಿವಾಳದ ಬಾಲದ ಬುಡಕ್ಕೆ ಕಟ್ಟಿ ಬಿಡುವುದು ಬೀಜಿಂಗ್‌ನ ಹಳೆಯ ಹವ್ಯಾಸ. ಹಿಂಡು ಸುತ್ತು ಹಾಕಿದಾಗ ದನಿ ಏರುತ್ತದೆ, ದೂರ ಹೋದಾಗ ಇಳಿಯುತ್ತದೆ. ಈಗ ಸಾಕುವವರು ಕಡಿಮೆಯಾಗಿದ್ದಾರೆ. ಎರಡು ಚಳಿಗಾಲದಲ್ಲಿ ನಾನು ಕೇಳಿದ್ದು ನಾಲ್ಕೇ ಸಲ. ನಾಲ್ಕು ಸಲವೂ ನಡುಮಧ್ಯಾಹ್ನವೇ.

ಹೆಜ್ಜೆ 3: ಮೂರು ಗಂಟೆಗೆ ಹುತೊಂಗ್‌ನೊಳಗೆ

ದಂಡೆ ಬಿಟ್ಟು ಯಾಅರ್ ಹುತೊಂಗ್ ಎಂಬ ಓಣಿಗೆ ತಿರುಗಿ. ಹುತೊಂಗ್ ಎಂಬ ಪದ ಮಂಗೋಲರ ಮಾತಿನ 'ಬಾವಿ'ಯಿಂದ ಬಂತೆಂದು ಹಲವು ವಿದ್ವಾಂಸರ ಅಭಿಪ್ರಾಯ. ನೀರಿದ್ದಲ್ಲಿ ಜನ, ಜನರಿದ್ದಲ್ಲಿ ಓಣಿ.

ಈಗ ಫೋನಿನ ನಕ್ಷೆ ತೆಗೆದು ನಗರವನ್ನು ದೂರದಿಂದ ನೋಡಿ. ಹಳೆಯ ಬೀಜಿಂಗ್ ಪೂರ್ತಿ ಚೌಕಾಬಾರದ ಮನೆಯಂತೆ ನೇರ ಗೆರೆಗಳಲ್ಲಿದೆ. ಈ ಕೆರೆಗಳ ಸುತ್ತ ಮಾತ್ರ ಗೆರೆಗಳು ಓರೆಯಾಗುತ್ತವೆ, ಬಾಗುತ್ತವೆ. ನೀವು ನಿಂತಿರುವ ಓಣಿಯೂ ಬಾಗಿದೆ. ದೋಣಿಗಳು ಬರುತ್ತಿದ್ದ ಕಾಲದ ದಂಡೆಯನ್ನು ಹಿಡಿದು ಬೆಳೆದ ಓಣಿಗಳಿವು. ಅರಮನೆಯ ದಾರಕ್ಕೆ ಬಗ್ಗದೆ ನೀರಿಗೆ ಬಗ್ಗಿದವು.

ಮನೆಗಳನ್ನು ನೋಡುವ ಕ್ರಮವೂ ಇದೆ. ಇವು ಸಿಹೆಯುವಾನ್, ಅಂಗಳದ ನಾಲ್ಕೂ ಕಡೆ ಕೋಣೆಗಳಿರುವ ಮನೆಗಳು. ನಮ್ಮ ತೊಟ್ಟಿಮನೆ ಕಂಡವರಿಗೆ ವಿವರಿಸಬೇಕಿಲ್ಲ. ಆದರೆ ತೊಟ್ಟಿಮನೆಯಲ್ಲಿ ನಾಲ್ಕೂ ಕಡೆಯ ಮಾಡು ಸೇರಿಕೊಂಡು ಮಳೆಯನ್ನು ತೊಟ್ಟಿಗೆ ಇಳಿಸುತ್ತದೆ. ಇಲ್ಲಿ ನಾಲ್ಕು ಮನೆಗಳೂ ಬಿಡಿಬಿಡಿಯಾಗಿ ನಿಂತು ಅಂಗಳಕ್ಕೆ ಬಿಸಿಲನ್ನು ಬಿಟ್ಟುಕೊಡುತ್ತವೆ. ನಮ್ಮ ಪೂರ್ವಿಕರು ಮಳೆ ನೋಡಿ ಕಟ್ಟಿದರು, ಇವರು ಚಳಿ ನೋಡಿ ಕಟ್ಟಿದರು. ಉತ್ತರದ ಕೋಣೆ ದಕ್ಷಿಣಕ್ಕೆ ಮುಖ ಮಾಡಿ ಅತಿ ಹೆಚ್ಚು ಬಿಸಿಲು ಪಡೆಯುತ್ತದೆ, ಮನೆಯ ಹಿರಿಯರದು ಅದೇ ಕೋಣೆ.

ಬಾಗಿಲ ಬಳಿ ಮೂರು ಕಡೆ ಕಣ್ಣು ಹಾಯಿಸಿ. ಮೇಲೆ ಚೌಕಟ್ಟಿನಿಂದ ಹೊರಚಾಚಿದ ಮರದ ಗೂಟಗಳನ್ನು ಎಣಿಸಿ. ಎರಡಿದ್ದರೆ ಅನುಕೂಲಸ್ಥರ ಮನೆ, ನಾಲ್ಕಿದ್ದರೆ ದೊಡ್ಡ ಪದವಿಯವರದು. ಕೆಳಗೆ ಹೊಸ್ತಿಲ ಎರಡೂ ಕಡೆಯ ಕಲ್ಲು ದುಂಡಗೆ ನಗಾರಿಯಂತಿದ್ದರೆ ಸೇನೆಯವರ ಮನೆ, ಪೆಟ್ಟಿಗೆಯಂತಿದ್ದರೆ ಬರಹದ ಅಧಿಕಾರಿಯ ಮನೆ ಎನ್ನುತ್ತಾರೆ. ಬಾಗಿಲು ತೆರೆದಿದ್ದರೆ ಒಳಗೆ ನೇರ ನೋಟ ತಡೆಯುವ ಅಡ್ಡಗೋಡೆ ಕಾಣುತ್ತದೆ. ಅಲ್ಲಿಗೇ ನಿಲ್ಲಿ. ಒಂದೊಂದು ಅಂಗಳದಲ್ಲಿ ಈಗ ನಾಲ್ಕೈದು ಸಂಸಾರಗಳಿವೆ, ಒಳಗೆ ಒಣಹಾಕಿದ ಬಟ್ಟೆ, ಒಟ್ಟಿದ ಎಲೆಕೋಸು, ಎಲೆಯುದುರಿದ ಮರದಲ್ಲಿ ಹಕ್ಕಿಗೆಂದು ಉಳಿಸಿದ ಕೆಂಪು ಪರ್ಸಿಮನ್ ಹಣ್ಣು ಕಾಣಬಹುದು. ಅವರ ಮನೆ ಅದು. ಫೋಟೊ ಬೇಕಿದ್ದರೆ ಕೇಳಿ ತೆಗೆಯಿರಿ.

ಇದೇ ಓಣಿಯ ಗುವಾಂಗ್‌ಹುವಾ ದೇವಾಲಯ ನಡೆಯುತ್ತಿರುವ ಬೌದ್ಧ ಗುಡಿ. ಚಕ್ರವರ್ತಿಯ ಕಾಲದ ಕೊನೆಯ ನಪುಂಸಕ ಸೇವಕ ಸುನ್ ಯಾವೊತಿಂಗ್ 1996ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಆಶ್ರಯ ಪಡೆದಿದ್ದರು. ತೆರೆದಿದ್ದರೆ ಒಳಗೆ ಹೋಗಿ, ಸುಮ್ಮನೆ ಐದು ನಿಮಿಷ ಕೂತು ಬನ್ನಿ.

ಶೌಚಾಲಯದ ಚಿಂತೆ ಬೇಡ. ಹಳೆಯ ಮನೆಗಳಲ್ಲಿ ಹಲವಕ್ಕೆ ಸ್ವಂತ ಶೌಚಾಲಯವಿಲ್ಲದ ಕಾರಣ ಓಣಿಗಳಲ್ಲಿ ಅಲ್ಲಲ್ಲೇ ಸಾರ್ವಜನಿಕ ಶೌಚಾಲಯಗಳಿವೆ, ಶುಲ್ಕವಿಲ್ಲ. ಕಾಗದ ನೀವೇ ಒಯ್ಯಬೇಕು.

ಸೈಕಲ್ ರಿಕ್ಷಾದವರು ಹಿಂದೆ ಬೀಳುತ್ತಾರೆ. ಹತ್ತುವುದಾದರೆ ಸಮವಸ್ತ್ರ, ನಂಬರು ಇರುವ ಗಾಡಿಯನ್ನೇ ಆರಿಸಿ, ದರ ಒಬ್ಬರಿಗೋ ಇಡೀ ಗಾಡಿಗೋ ಎಂದು ಬರೆಸಿಕೊಂಡೇ ಹತ್ತಿ. ನನ್ನ ಮಟ್ಟಿಗೆ ಈ ಓಣಿಗಳು ಕಾಲ್ನಡಿಗೆಗೇ ಸೈ.

ಹೆಜ್ಜೆ 4: ಮೂರೂಮುಕ್ಕಾಲಿಗೆ ಮಂಜುಗಡ್ಡೆಯ ಮೇಲೆ

ಶಿಚಾಹಾಯ್‌ನ ಮಂಜುಗಡ್ಡೆಯ ಬಯಲು ಸಾರ್ವಜನಿಕರಿಗೆ ತೆರೆಯಬೇಕಾದರೆ ಗಡ್ಡೆ ಕನಿಷ್ಠ 15 ಸೆಂಟಿಮೀಟರ್ ದಪ್ಪ ಕಟ್ಟಿರಬೇಕು. ಅಳತೆ ಮಾಡಿದ ಮೇಲೆಯೇ ತೆರೆಯುತ್ತಾರೆ, ಬೆಚ್ಚಗಿನ ವರ್ಷ ತಡವಾಗುತ್ತದೆ. ಬೇಲಿ ಹಾಕಿ, ಟಿಕೆಟ್ ಕೊಟ್ಟು, ಕಾವಲಿರುವ ಭಾಗಕ್ಕೆ ಮಾತ್ರ ಇಳಿಯಿರಿ. ಬೇಲಿಯಾಚೆ, ಸೇತುವೆಯ ಕೆಳಗೆ, ಬಾತುಕೋಳಿಗಳು ಈಜುವ ಕಡೆ ಗಡ್ಡೆ ತೆಳ್ಳಗಿರುತ್ತದೆ. ಊರಿನವರು ಅಲ್ಲಿ ನಡೆದದ್ದು ಕಂಡರೂ ನೀವು ಹೋಗಬೇಡಿ.

ಸ್ಕೇಟಿಂಗ್ ಬಾರದವರಿಗೆ ಐಸ್ ಕುರ್ಚಿ ಸಿಗುತ್ತದೆ. ಕಬ್ಬಿಣದ ಕುರ್ಚಿಯ ಕಾಲಿಗೆ ಎರಡು ಉದ್ದ ಪಟ್ಟಿ, ಕೈಗೆ ತುದಿ ಚೂಪಾದ ಎರಡು ಸರಳು. ಬಳಸುವ ಬಗೆ ಹೀಗೆ: ಪಾದಗಳನ್ನು ಮುಂದಿನ ಅಡ್ಡಪಟ್ಟಿಯ ಮೇಲೆ ಇಡಿ. ಸರಳುಗಳನ್ನು ಮೊಣಕಾಲಿನ ನೇರಕ್ಕಲ್ಲ, ಸೊಂಟದ ನೇರಕ್ಕೆ ಊರಿ. ತೋಳಿನಿಂದ ತಳ್ಳದೆ ಮೈಯನ್ನೇ ಮುಂದೆ ಬಾಗಿಸಿ, ಹಿಂದಕ್ಕೆ ಒತ್ತಿ. ಒಂದು ಒತ್ತಿಗೆ ಮೂರ್ನಾಲ್ಕು ಮಾರು ಜಾರುತ್ತೀರಿ. ತಿರುಗಬೇಕಾದ ಕಡೆಯ ಸರಳನ್ನು ಊರಿ ಹಿಡಿದು, ಇನ್ನೊಂದರಿಂದ ಒತ್ತಿದರೆ ಸಾಕು, ದೋಣಿಗೆ ಹುಟ್ಟು ಹಾಕಿದ ಹಾಗೆಯೇ. ಕೈಗವಸು ಬಿಚ್ಚಬೇಡಿ, ತಣ್ಣನೆಯ ಕಬ್ಬಿಣ ಚರ್ಮಕ್ಕೆ ಅಂಟುತ್ತದೆ.

ನಡುವೆ ನಿಲ್ಲಿಸಿ ಒಮ್ಮೆ ಕೆಳಗೆ ನೋಡಿ. ಗಾಳಿ ಹಿಮವನ್ನು ಗುಡಿಸಿದ ಕಡೆ ಗಡ್ಡೆ ಕಪ್ಪು ಗಾಜಿನಂತಿರುತ್ತದೆ. ಒಳಗೆ ಬಿಳಿ ಗುಳ್ಳೆಗಳು ಒಂದರ ಮೇಲೊಂದು ಕಾಸು ಜೋಡಿಸಿಟ್ಟಂತೆ ಹೆಪ್ಪುಗಟ್ಟಿರುತ್ತವೆ. ನೀರು ರಾತ್ರಿಯಿಂದ ರಾತ್ರಿಗೆ ಕೆಳಮುಖವಾಗಿ ಗಟ್ಟಿಯಾದ ಲೆಕ್ಕ ಅದು. ಇದೇ ಕೆರೆಗಳ ಗಡ್ಡೆಯನ್ನು ಕಡುಚಳಿಯ ದಿನಗಳಲ್ಲಿ ಕೊಯ್ದು, ನೆಲಮಾಳಿಗೆಗಳಲ್ಲಿ ಹೂಳಿಟ್ಟು, ಬೇಸಗೆಯಲ್ಲಿ ಅರಮನೆಗೆ ಒದಗಿಸುತ್ತಿದ್ದ ಕಾಲವೂ ಇತ್ತು. ಸುತ್ತಮುತ್ತ ಮಂಜಿನ ನೆಲಮಾಳಿಗೆ ಎಂಬ ಅರ್ಥದ ಓಣಿಯ ಹೆಸರು ಇನ್ನೂ ಉಳಿದಿದೆ.

ಮುಕ್ಕಾಲು ಗಂಟೆ ಇಲ್ಲಿ ಹೇಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ನಾಲ್ಕೂವರೆಗೆ ಅಲಾರಂ ಇಟ್ಟುಕೊಳ್ಳಿ.

ಹೆಜ್ಜೆ 5: ಹೊತ್ತು ಮುಳುಗುವಾಗ ಯಿನ್‌ಡಿಂಗ್ ಸೇತುವೆ

ಜನವರಿಯಲ್ಲಿ ಇಲ್ಲಿ ಐದರಿಂದ ಐದೂವರೆಯೊಳಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಇಪ್ಪತ್ತು ನಿಮಿಷ ಮೊದಲೇ ಹೌಹಾಯ್ ಮತ್ತು ಚಿಯೆನ್‌ಹಾಯ್ ಕೂಡುವಲ್ಲಿನ ಈ ಪುಟ್ಟ ಕಲ್ಲುಸೇತುವೆಯ ಮೇಲಿರಿ. ಬೆಳ್ಳಿಯ ಗಟ್ಟಿಯನ್ನು ಬೋರಲು ಹಾಕಿದಂತೆ ಕಾಣುವುದರಿಂದ ಯಿನ್‌ಡಿಂಗ್ ಎಂಬ ಹೆಸರು. ವಾಯವ್ಯದ ಕಡೆಯ ಕಟಾಂಜನವನ್ನು ಹಿಡಿದು ನಿಲ್ಲಿ. ಹೌಹಾಯ್ ಉದ್ದಕ್ಕೂ ಮಲಗಿದೆ, ಅದರ ತುದಿಯಲ್ಲಿ ಪಶ್ಚಿಮದ ಬೆಟ್ಟಗಳು. ನಗರದ ನಡುವೆ, ನೆಲದ ಮಟ್ಟದಲ್ಲಿ ನಿಂತು ದೂರದ ಬೆಟ್ಟ ಕಾಣುವ ಜಾಗವೆಂದು ಹಳಬರು ಇದನ್ನು ಕೊಂಡಾಡಿದ್ದಾರೆ. ನೋಟಕ್ಕೆ ಅಡ್ಡವಾಗಿದ್ದ ಕಟ್ಟಡವೊಂದರ ಮೇಲಿನ ಮಹಡಿಗಳನ್ನು ಇತ್ತೀಚಿನ ವರ್ಷಗಳಲ್ಲಿ ಇಳಿಸಿದರು. ಒಂದು ನೋಟಕ್ಕಾಗಿ ಕಟ್ಟಿದ್ದನ್ನು ಇಳಿಸುವಷ್ಟು ಪ್ರೀತಿ ಒಂದು ಊರಿಗಿದೆ ಎಂಬುದು ನನಗೆ ಆ ಬೆಟ್ಟದಷ್ಟೇ ದೊಡ್ಡದು.

ಚಳಿಗಾಲದಲ್ಲಿ ಸೂರ್ಯ ಕೆರೆಯ ನೇರಕ್ಕೆ ಮುಳುಗುವುದಿಲ್ಲ, ಬಹಳಷ್ಟು ಎಡಕ್ಕೆ, ಮನೆಗಳ ಹಿಂದೆ ಇಳಿಯುತ್ತಾನೆ. ಅವನನ್ನು ಹುಡುಕಬೇಡಿ. ಅವನು ಮರೆಯಾದ ಮೇಲಿನ ಹತ್ತು ನಿಮಿಷವೇ ಮುಖ್ಯ. ಬೆಟ್ಟದ ಅಂಚು ಆಗ ಕತ್ತರಿಸಿ ಅಂಟಿಸಿದಂತೆ ಕಡುನೀಲಿಯಾಗುತ್ತದೆ, ಮಂಜುಗಡ್ಡೆ ಕುಂಕುಮದ ನೀರು ಚೆಲ್ಲಿದಂತಾಗುತ್ತದೆ. ನೀವು ಮಧ್ಯಾಹ್ನ ಹೊರಟ ದಿಕ್ಕು ಅದೇ. ನೀರು ಆ ಬೆಟ್ಟಗಳ ಬುಡದಿಂದಲೇ ಬಂದದ್ದು.

ಹೆಜ್ಜೆ 6: ಬಿಸಿಬಿಸಿ ತಿನ್ನುವ ಹೊತ್ತು

ಸೇತುವೆಯ ಪಕ್ಕದ ಯಾನ್‌ದಾಯ್ ಶಿಯೆಜಿಯೆ ಎಂದರೆ ಹೊಗೆಸೊಪ್ಪು ಸೇದುವ ಕೊಳವೆಯ ಓರೆ ಬೀದಿ. ಇನ್ನೂರ ಚಿಲ್ಲರೆ ಮೀಟರ್ ಉದ್ದ, ಆಕಾರವೂ ಕೊಳವೆಯದೇ. ಮಾಂಸ ತಿನ್ನುವವರಿಗೆ ಸೇತುವೆಯ ಬಳಿಯ ಕಾವೊರೌ ಜಿ ಎಂಬ 1848ರ ಹೋಟೆಲು ಸುಟ್ಟ ಕುರಿಮಾಂಸಕ್ಕೆ ಹೆಸರಾದದ್ದು.

ಸಸ್ಯಾಹಾರಿಗಳು "ವೊ ಛಿ ಸು" ಎನ್ನಿ, ನಾನು ಸಸ್ಯಾಹಾರಿ ಎಂದರ್ಥ. ಜೊತೆಗೆ ಮಾಂಸ, ಮೀನು, ಮೊಟ್ಟೆ, ಪ್ರಾಣಿಯ ಕೊಬ್ಬು ಬೇಡವೆಂದು ಫೋನಿನಲ್ಲಿ ಚೀನೀ ಭಾಷೆಯಲ್ಲಿ ಬರೆದಿಟ್ಟು ತೋರಿಸಿ. ಸಕ್ಕರೆ ಪಾಕದಲ್ಲಿ ಅದ್ದಿದ ಹುಳಿಹಣ್ಣಿನ ಕಡ್ಡಿ ಥಾಂಗ್‌ಹುಲು, ಮರಳಿನಲ್ಲಿ ಹುರಿದ ಚೆಸ್ಟ್‌ನಟ್, ಸುಟ್ಟ ಗೆಣಸು, ಹಳದಿ ಬಟಾಣಿಯ ಮಿಠಾಯಿ ವಾನ್‌ದೌಹುವಾಂಗ್, ಇವೆಲ್ಲ ಧೈರ್ಯವಾಗಿ ತಿನ್ನಬಹುದು. ಥಾಂಗ್‌ಹುಲುವಿನ ಪಾಕ ಚಳಿಯಲ್ಲಿ ಮಾತ್ರ ಗಾಜಿನಂತೆ ಉಳಿಯುತ್ತದೆ.

ಆದರೆ ಕನ್ನಡಿಗರು ಬಿಡಬಾರದ್ದು ಚಾಥಾಂಗ್. ಹೆಸರಿನಲ್ಲಿ ಚಹಾ ಇದ್ದರೂ ಚಹಾ ಅಲ್ಲ. ನಮ್ಮ ಬರಗಿನ ಹಿಟ್ಟಿನ ಗಂಜಿ ಅದು, ಕೆಲವೆಡೆ ಜೋಳದ ಹಿಟ್ಟಿನದೂ ಇರುತ್ತದೆ. ಹುರಿದ ಹಿಟ್ಟನ್ನು ಬಟ್ಟಲಲ್ಲಿ ಚೂರು ಬೆಚ್ಚನೆ ನೀರಿನಲ್ಲಿ ಕಲಸಿಕೊಳ್ಳುತ್ತಾರೆ. ಪಕ್ಕದಲ್ಲಿ ಹಂಡೆಯಷ್ಟು ದೊಡ್ಡ ತಾಮ್ರದ ಕೆಟಲು, ಮೂತಿಗೆ ಡ್ರ್ಯಾಗನ್ ತಲೆ. ಒಂದು ಕೈಯಲ್ಲಿ ಬಟ್ಟಲು ದೂರ ಹಿಡಿದು, ಇನ್ನೊಂದರಿಂದ ಕೆಟಲು ಬಗ್ಗಿಸಿ ಕುದಿನೀರನ್ನು ಒಂದೇ ಧಾರೆಯಲ್ಲಿ ಬಿಡುತ್ತಾರೆ. ಹಬೆಯಲ್ಲಿ ಮುಖವೇ ಕಾಣುವುದಿಲ್ಲ. ಧಾರೆ ನಿಂತಾಗ ಹಿಟ್ಟು ಬೆಂದು ಗಟ್ಟಿಯಾಗಿರುತ್ತದೆ, ಬಟ್ಟಲು ಬೋರಲು ಹಾಕಿದರೂ ಬೀಳಬಾರದು, ಅದು ಅದರ ಹದ. ಮೇಲೆ ಕೆಂಪು ಸಕ್ಕರೆ, ಎಳ್ಳು, ಒಣದ್ರಾಕ್ಷಿ. ಮೊದಲ ಚಮಚಕ್ಕೆ ಅಜ್ಜಿಯ ಮನೆಯ ಮಣ್ಣಿಯ ನೆನಪಾಯಿತು ನನಗೆ. ಒಂದು ಎಚ್ಚರಿಕೆ: ಅದೇ ಅಂಗಡಿಯಲ್ಲಿ ಯೌಚಾ ಎಂಬ ಇನ್ನೊಂದು ಗಂಜಿ ಇರುತ್ತದೆ, ನೋಡಲು ಒಂದೇ ಥರ. ಅದರ ಹಿಟ್ಟನ್ನು ಹಲವೆಡೆ ದನದ ಕೊಬ್ಬಿನಲ್ಲಿ ಹುರಿಯುತ್ತಾರೆ. ಹೆಸರು ಕೇಳಿಕೊಂಡೇ ಕೊಳ್ಳಿ.

ಹೆಜ್ಜೆ 7: ಕೊನೆಗೆ ವಾನ್‌ನಿಂಗ್ ಸೇತುವೆ

ಓರೆ ಬೀದಿ ದೊಡ್ಡ ರಸ್ತೆಗೆ ಸೇರುವಲ್ಲಿ ಎಡಕ್ಕೆ ನಗಾರಿ ಗೋಪುರ ಕಾಣುತ್ತದೆ, ಅದರ ಹಿಂದೆ ಗಂಟೆ ಗೋಪುರ. ಈ ಹೊತ್ತಿಗೆ ಹತ್ತಲು ಬಿಡುವುದಿಲ್ಲ, ಹೊರಗಿನಿಂದ ನೋಡಿದರೆ ಸಾಕು. ಒಳಗಿನ ಕಂಚಿನ ಗಂಟೆ 63 ಟನ್ ತೂಕದ್ದು. 1924ರವರೆಗೆ ಊರಿಗೆ ಹೊತ್ತು ಸಾರುತ್ತಿದ್ದದ್ದು ಇವೇ ಎರಡು. ಬೇಗ ಹದಿನೆಂಟು, ನಿಧಾನ ಹದಿನೆಂಟು, ನಡುಗತಿಯಲ್ಲಿ ಹದಿನೆಂಟು, ಮತ್ತೊಮ್ಮೆ ಹಾಗೆಯೇ, ಒಟ್ಟು 108 ಪೆಟ್ಟು. ಜಪಮಾಲೆಯ ಲೆಕ್ಕ.

ನೀವು ಹೋಗಬೇಕಾದದ್ದು ಬಲಕ್ಕೆ, ದಕ್ಷಿಣಕ್ಕೆ. ಐದು ನಿಮಿಷದಲ್ಲಿ ರಸ್ತೆಯೇ ಸೇತುವೆಯಾಗುತ್ತದೆ, ಗಮನಿಸದಿದ್ದರೆ ದಾಟಿಬಿಡುತ್ತೀರಿ. ಇದು ವಾನ್‌ನಿಂಗ್, 1285ರಲ್ಲಿ ಮೊದಲು ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಕಟ್ಟಿದ್ದು. 2024ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಗೆ ಸೇರಿದ, ಹಳೆಯ ಬೀಜಿಂಗ್‌ನ ನಡುವೆ ಉತ್ತರ ದಕ್ಷಿಣವಾಗಿ ಸಾಗುವ ನಡುಗೆರೆಯ ಮೇಲಿದೆ. ಏಳು ಶತಮಾನ ದಾಟಿದ ಸೇತುವೆಯ ಮೇಲೆ ಇಂದಿಗೂ ಬಸ್ಸುಗಳು ಓಡುತ್ತಿವೆ.

ಕಟಾಂಜನದ ಬದಿಯಿಂದ ದಂಡೆಗೆ ಇಳಿಯಿರಿ. ಗುವೊ ಅವರ ಕಾಲುವೆಯ ಬಾಗಿಲುಗಳಲ್ಲೊಂದು ಇಲ್ಲೇ ಇತ್ತು. ನಮ್ಮ ಕೆರೆಯ ತೂಬು ನೀರನ್ನು ಗದ್ದೆಗೆ ಬಿಡುತ್ತದೆ. ಇಲ್ಲಿನ ಬಾಗಿಲು ನೀರನ್ನು ತಡೆದು ಮಟ್ಟ ಏರಿಸಿ ದೋಣಿಯನ್ನು ಮೇಲಕ್ಕೆ ಹತ್ತಿಸುತ್ತಿತ್ತು. ತೊಂಗ್‌ಝೌವರೆಗೆ ಇಂಥ 24 ಬಾಗಿಲುಗಳಿದ್ದವು. ದಕ್ಷಿಣದ ಅಕ್ಕಿ ಈ ಕಮಾನಿನ ಕೆಳಗೆ ನುಗ್ಗಿ, ನೀವು ಆಗಲೇ ಜಾರಿ ಬಂದ ಮಂಜುಗಡ್ಡೆಯ ಜಾಗದಲ್ಲಿ ಲಂಗರು ಹಾಕುತ್ತಿತ್ತು.

ಫೋನಿನ ಟಾರ್ಚನ್ನು ದಂಡೆಯ ಕಲ್ಲಿಗೆ ಹಿಡಿಯಿರಿ. ನೀರು ಕಾಯುವ ಮೃಗವೊಂದು ಅಂಚಿನ ಮೇಲೆ ಬೋರಲು ಮಲಗಿ, ಕುತ್ತಿಗೆ ಕೆಳಗೆ ಚಾಚಿ, ನೀರನ್ನೇ ದಿಟ್ಟಿಸುತ್ತಿದೆ. ಮೈತುಂಬ ಹುರುಪೆ, ಉಗುರುಗಳು ಕಲ್ಲಿನ ಅಂಚನ್ನು ಕಚ್ಚಿ ಹಿಡಿದಿವೆ. ಇಲ್ಲಿರುವ ಇಂಥ ಮೃಗಗಳಲ್ಲಿ ಒಂದು ಕುಬ್ಲಾಯ್ ಕಟ್ಟಿದ ಯುವಾನ್ ರಾಜವಂಶದ ಕಾಲದ್ದೇ, ಉಳಿದವು ಆಮೇಲಿನವು. ಹಳೆಯದು ಯಾವುದೆಂದು ತಿಳಿಯಲು ಫಲಕ ಬೇಕಿಲ್ಲ, ಮೂಗು ಕಿವಿಗಳೆಲ್ಲ ಸವೆದು ಮೊಂಡಾಗಿರುವುದೇ ಅದು. ಅದರ ಮುಖದ ಮುಂದೆ ಇರುವುದು ಈಗ ಒಂದು ಅಡ್ಡಹಲಗೆಯಷ್ಟು ಅಗಲದ ಮಂಜುಗಡ್ಡೆ, ಅದರಡಿಯಲ್ಲಿ ಸಣ್ಣಗೆ ಹರಿಯುವ ನೀರಿನ ಸದ್ದು.

ಮೇಲೆ ಬಂದರೆ ಹತ್ತಿರದಲ್ಲೇ 8ನೇ ಮಾರ್ಗದ ಶಿಚಾಹಾಯ್ ಮೆಟ್ರೊ ನಿಲ್ದಾಣವಿದೆ. ಒಳಗೆ ಬೆಚ್ಚಗಿರುತ್ತದೆ, ಟೋಪಿ ತೆಗೆಯಿರಿ, ಜಾಕೆಟ್ಟಿನ ಗುಂಡಿ ಬಿಚ್ಚಿ. ಉತ್ತರಕ್ಕೆ ಒಂದೇ ನಿಲ್ದಾಣ ಹೋದರೆ ಗುಲೌ ದಾಜಿಯೆಯಲ್ಲಿ 2ನೇ ಮಾರ್ಗ ಸಿಗುತ್ತದೆ, ದಕ್ಷಿಣಕ್ಕೆ ಒಂದು ನಿಲ್ದಾಣ ಹೋದರೆ ನಾನ್‌ಲುವೊಗುಶಿಯಾಂಗ್‌ನಲ್ಲಿ 6ನೇ ಮಾರ್ಗ.